ಇಪ್ಪತ್ಮೂರು ತಪ್ಪುಗಳ ಜೀಪು

ಮಾರ್ಚ್ 2, ಶನಿವಾರ

ಬಿ.ಪಿ. 162/98.

ಡಾಕ್ಟರಮ್ಮನ ಬಲವಂತಕ್ಕೆ ಇದನ್ನು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ದಿನಚರಿ ಬರೆಯುವಷ್ಟು ನನಗೆ ತಲೆ ಕೆಟ್ಟಿಲ್ಲ. "ಬಾಯಿಗೆ ಬಂದಿದ್ದನ್ನೆಲ್ಲ ಮನೆಯವರ ಮೇಲೆ ಹಾಕ್ಬೇಡಿ ಸರ್, ಕಾಗದದ ಮೇಲೆ ಹಾಕಿ. ಯಾರಿಗೂ ತೋರಿಸೋದು ಬೇಡ. ದಿನಾ ಬಿ.ಪಿ. ನೋಡ್ಕೊಂಡು ಬರೀರಿ, ಅದನ್ನಷ್ಟೇ ನಾನು ನೋಡ್ತೀನಿ" ಅಂದರು. ಮನೆಯವರು ಅಂದರೆ ನನ್ನ ಹೆಂಡತಿ ಒಬ್ಬಳೇ. ಪಕ್ಕದ ಕುರ್ಚಿಯಲ್ಲಿ ಕೂತು ಡಾಕ್ಟರಮ್ಮನ ಪ್ರತಿಯೊಂದು ಮಾತಿಗೂ ತಲೆಯಾಡಿಸುತ್ತಿದ್ದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಅಂತ ಕಾಣುತ್ತದೆ.

ನಾನು ಯಾರು ಅನ್ನುವುದರಿಂದ ಶುರು ಮಾಡಬೇಕಂತೆ. ಸರಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಇನ್ಸ್‌ಪೆಕ್ಟರ್. ಅಂಗಡಿಯ ತಕ್ಕಡಿ, ಬಟ್ಟು, ಪೆಟ್ರೋಲ್ ಬಂಕಿನ ಮೀಟರು ಎಲ್ಲ ನನ್ನ ಕಣ್ಣಿನ ಕೆಳಗೇ ಹಾದುಹೋಗಬೇಕಿತ್ತು. ಸರಿಯಿದ್ದರೆ ತಂತಿ ಪೋಣಿಸಿ ಸೀಸದ ಬಿಲ್ಲೆ ಒತ್ತಿ ಸೀಲು. ಇಲ್ಲದಿದ್ದರೆ ಕೆಂಪು ಚೀಟಿ. ಊರಿಗೆಲ್ಲ ನಾನು 'ಸೀಲು ಸಾಹೇಬ'. ಒಮ್ಮೆ ಕಟ್ಟಿದ ಕೆಂಪು ಚೀಟಿಯನ್ನು ವಾಪಸ್ ತೆಗೆದುಕೊಂಡ ದಾಖಲೆ ಇಲ್ಲ. ನಿವೃತ್ತನಾಗಿ ಮೂರು ತಿಂಗಳಾಯಿತು.

ಇವಳು ಇಪ್ಪತ್ತಾರು ವರ್ಷ ಶಾಲೆಯ ಮಕ್ಕಳ ವ್ಯಾನ್ ಓಡಿಸಿದವಳು. ಶಾಲೆಯವರು ದೊಡ್ಡ ಬಸ್ಸು ಗೊತ್ತು ಮಾಡಿಕೊಂಡ ಮೇಲೆ ವ್ಯಾನ್ ಮಾರಿ ಇವಳೂ ಮನೆಯಲ್ಲೇ. ಮದುವೆಯಾದಾಗಿನಿಂದ ನಾವಿಬ್ಬರೂ ಹೀಗೆ ಇಡೀ ದಿನ ಒಂದೇ ಸೂರಿನ ಕೆಳಗೆ ಇದ್ದದ್ದೇ ಇಲ್ಲ. ಗುರುವಾರ ನಾನು ಸಕ್ಕರೆ ಪೊಟ್ಟಣ ತೂಗಿ, ಹನ್ನೆರಡು ಗ್ರಾಂ ಕಡಿಮೆ ಬಂತೆಂದು ಅಂಗಡಿಯವನ ಬಳಿ ಹೋಗಿ ಬಂದೆ. ಅದಕ್ಕೆ ಇವಳಿಗೆ ನಾಚಿಕೆಯಾಯಿತಂತೆ. ಹನ್ನೆರಡು ಗ್ರಾಂ ಕದ್ದವನಿಗೆ ಆಗದ ನಾಚಿಕೆ ಇವಳಿಗೆ ಯಾಕೋ!

ಇವತ್ತು ಊಟದ ಹೊತ್ತಿನಲ್ಲಿ ಬಾಂಬು ಹಾಕಿದಳು.

"ರೀ, ನಾನೊಂದು ಹಳೇ ಮಿಲಿಟರಿ ಜೀಪು ತಗೋಬೇಕು ಅಂತಿದ್ದೀನಿ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇವಳ ಅಪ್ಪ, ಅಂದರೆ ನನ್ನ ಮಾವ, ಸೈನ್ಯದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಇವಳು ಹನ್ನೆರಡನೇ ವಯಸ್ಸಿಗೆ ಸ್ಟೇರಿಂಗ್ ಹಿಡಿದದ್ದು ಅಂಥ ಜೀಪಿನಲ್ಲೇ. ಮರದ ಮಿಲ್ಲೊಂದರಲ್ಲಿ ಒಂದು ಇದೆಯಂತೆ, ತಿಂಗಳ ಕೊನೆಯೊಳಗೆ ಕೊಟ್ಟುಬಿಡುತ್ತಾರಂತೆ.

"ನಂಗೆ ಆಟದ ಸಾಮಾನು ಬೇಡ. ನಿಜವಾಗ್ಲೂ ಸೈನ್ಯದಲ್ಲಿ ದುಡಿದಿದ್ದು ಬೇಕು. ನೀವೇ ನೋಡಿ. ಅಸಲಿ ಅಂದ್ರೆ ತಗೋತೀನಿ. ಅಲ್ಲ ಅಂದ್ರೆ ಬಿಟ್ಬಿಡ್ತೀನಿ, ಮತ್ತೆ ಆ ಮಾತು ಎತ್ತಲ್ಲ."

"ನಾನು ಬೇಡ ಅಂದ್ರೆ ಮುಖ ಊದಿಸ್ಕೋಬಾರ್ದು."

"ಊದಿಸ್ಕೊಳ್ಳಲ್ಲ. ಈ ಮನೆಗೆ ನಾನು ಆರಿಸಿದ ಒಂದಾದ್ರೂ ವಸ್ತು ನೀವು ಸರಿ ಅಂದಿದ್ದೀರಾ? ಅಭ್ಯಾಸ ಆಗಿದೆ ನಂಗೆ."

ಇದು ಶುದ್ಧ ಸುಳ್ಳು. ಸೋಫಾ, ಪರದೆ, ಫ್ರಿಜ್ಜು, ಗೋಡೆಯ ಬಣ್ಣ ಬಿಟ್ಟರೆ ನಾನು ಯಾವುದಕ್ಕೂ ಅಡ್ಡ ಮಾತಾಡಿಲ್ಲ.

ಮಾರ್ಚ್ 3, ಭಾನುವಾರ

ಬಿ.ಪಿ. 158/96.

ಹಳೇ ಗಾಡಿಗಳ ಬಗ್ಗೆ ಲೈಬ್ರರಿಯಿಂದ ದಪ್ಪ ಪುಸ್ತಕ ತಂದೆ. ಒಂದೇ ಪಟ್ಟಿಗೆ ಕೂತು ಮುಗಿಸಿದೆ. ಎಷ್ಟು ಸರಳ! ಗಾಡಿಯ ಬೆನ್ನುಮೂಳೆಯಾದ ಚಾಸಿಯ ಮೇಲೊಂದು ನಂಬರು, ಎಂಜಿನ್ನಿನ ಮೇಲೊಂದು, ಮುಂದಿನ ಡ್ಯಾಶಿನ ಫಲಕದಲ್ಲಿ ಎರಡೂ ನಂಬರು. ಒಂದಕ್ಕೊಂದು ಹೊಂದಿದರೆ ಅಸಲಿ. ಹೊಂದದಿದ್ದರೆ ಯಾರೋ ಕೈಯಾಡಿಸಿದ್ದಾರೆ. ಇವಳು ಎರಡು ಸಲ ಊಟಕ್ಕೆ ಕರೆದಳಂತೆ, ನನಗೆ ಕೇಳಿಸಲಿಲ್ಲ. ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಟಾರ್ಚು, ಉದ್ದ ಹಿಡಿಯ ಕನ್ನಡಿ ಎಲ್ಲ ಒರೆಸಿ ಚೀಲಕ್ಕೆ ಹಾಕಿಟ್ಟಿದ್ದೇನೆ.

ಮಾರ್ಚ್ 5, ಮಂಗಳವಾರ

ಬಿ.ಪಿ. 154/94.

ಮಿಲ್ಲಿಗೆ ಹೋಗಿದ್ದೆವು. ಗರಗಸದ ಕಿರುಚಾಟ, ಕಾಲಿಟ್ಟಲ್ಲೆಲ್ಲ ಹೊಟ್ಟು. ಯಜಮಾನಮ್ಮನಿಗೆ ಅರವತ್ತು ದಾಟಿದೆ, ತಲೆಗೂದಲ ತುಂಬ ಮರದ ಪುಡಿ, ಗಂಟಲು ಮಾತ್ರ ಗರಗಸಕ್ಕಿಂತ ಜೋರು. ನಲವತ್ತು ವರ್ಷದ ಹಿಂದೆ ಅವರ ಯಜಮಾನರು ಸೈನ್ಯದ ಹರಾಜಿನಲ್ಲಿ ಹಿಡಿದು, ದಿಮ್ಮಿ ಎಳೆಯಲು ಇಟ್ಟುಕೊಂಡಿದ್ದ ಜೀಪಂತೆ. ಈಗ ಅದು ನಿಂತಿರುವ ಕೊಟ್ಟಿಗೆಗೆ ಹೊಸ ಯಂತ್ರ ಬರುತ್ತದೆ, ಜಾಗ ಖಾಲಿಯಾಗಬೇಕು.

ಟಾರ್ಪಾಲು ಎಳೆದರು. ಹಸಿರು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ, ಒಂದು ದೀಪದ ಗಾಜು ಹಳದಿ, ಇನ್ನೊಂದರದು ಬಿಳಿ. ಇವಳು ಬಾನೆಟ್ಟಿನ ಮೇಲೊಮ್ಮೆ ಅಂಗೈ ಸವರಿದಳು. ಆಮೇಲೆ ಹತ್ತಿ ಕೂತು, ಏನೋ ಎಳೆದು, ಏನೋ ಒತ್ತಿದಳು. ಮೂರನೇ ಸಲಕ್ಕೆ ಜೀಪು ಕೆಮ್ಮಿ, ಗುಡುಗಿ ಎದ್ದೇಬಿಟ್ಟಿತು. ಇವಳು ಬಾಯಿ ತುಂಬ ನಕ್ಕಳು. ಹಿಂದಿನ ಹಲ್ಲು ಕಟ್ಟಿಸಿದ್ದು ಇಷ್ಟು ಚೆನ್ನಾಗಿ ಕೂತಿದೆ ಅಂತ ನನಗೆ ಇವತ್ತೇ ಗೊತ್ತಾದದ್ದು.

"ಆಫ್ ಮಾಡು. ಪರೀಕ್ಷೆ ಇನ್ನೂ ಶುರುವಾಗಿಲ್ಲ" ಅಂದೆ.

"ಎಷ್ಟು ದಿನ ಬೇಕಾದ್ರೂ ನೋಡಿ ಸಾಹೇಬ್ರೇ" ಅಂದರು ಯಜಮಾನಮ್ಮ. "ಅದೇನು ಓಡಿ ಹೋಗಲ್ಲ."

ಮೊದಲ ಏಟಿಗೇ ಸಿಕ್ಕಿಬಿತ್ತು. ಫಲಕದಲ್ಲಿರುವ ಎಂಜಿನ್ ನಂಬರೇ ಬೇರೆ, ಎಂಜಿನ್ನಿನ ಮೇಲಿರುವುದೇ ಬೇರೆ! ತಪ್ಪು ಒಂದು ಅಂತ ಬರೆದುಕೊಂಡೆ. ಎಂಥ ಖುಷಿಯಾಯಿತು. ಮೂರು ತಿಂಗಳಿಂದ ತಪ್ಪು ಹಿಡಿಯಲು ಒಂದು ನೆಟ್ಟಗಿನ ವಸ್ತು ಸಿಕ್ಕಿರಲಿಲ್ಲ.

ಮಾರ್ಚ್ 7, ಗುರುವಾರ

ಬಿ.ಪಿ. 146/90. ಯಂತ್ರ ಕೆಟ್ಟಿರಬಹುದು. ಪರೀಕ್ಷಿಸಬೇಕು.

ಇವತ್ತು ಗೋಣಿಚೀಲ ಹಾಸಿ ಜೀಪಿನ ಅಡಿಗೇ ತೂರಿದೆ. ಮೊಣಕಾಲು ಅಯ್ಯೋ ಅಂತು, ನಾನು ಸುಮ್ಮನಿರು ಅಂದೆ. ಕೆಳಗಿನ ಲೋಕವೇ ಬೇರೆ. ಗ್ರೀಸು, ಮಣ್ಣು, ಹಳೇ ಎಣ್ಣೆಯ ವಾಸನೆ. ಬಣ್ಣ ಕೆರೆದು ನೋಡಿದರೆ ಹಸಿರಿನ ಕೆಳಗೆ ಮರಳಿನ ಬಣ್ಣ, ಅದರ ಕೆಳಗೆ ಇನ್ನೊಂದು ಹಸಿರು. ಗೇರ್‌ಬಾಕ್ಸು ಒಂದು ವರ್ಷದ್ದು, ಹಿಂದಿನ ಆಕ್ಸಲ್ಲು ಇನ್ನೊಂದು ವರ್ಷದ್ದು. ತಪ್ಪು ಒಂಬತ್ತು ತಮಾಷೆಯಾಗಿದೆ. ನಟ್ಟು ಬಿಚ್ಚಿಕೊಳ್ಳದ ಹಾಗೆ ಅದಕ್ಕೊಂದು ಎರಡು ಕಾಲಿನ ಪಿನ್ನು ತೂರಿಸಿ ಕಾಲು ಮಡಿಸಿರುತ್ತಾರೆ. ಪುಸ್ತಕದ ಪ್ರಕಾರ ಒಂದು ಕಾಲು ಮೇಲಕ್ಕೆ, ಒಂದು ಕೆಳಕ್ಕೆ. ಇಲ್ಲಿ ಸ್ಟೇರಿಂಗಿನ ಎಲ್ಲ ಪಿನ್ನುಗಳ ಎರಡೂ ಕಾಲನ್ನು ಯಾರೋ ಮೀಸೆಯ ಹಾಗೆ ಸುರುಳಿ ಸುತ್ತಿದ್ದಾರೆ. ಶೋಕಿಲಾಲ!

ಹೊರಗೆ ಬಂದಾಗ ಇವಳು ನನ್ನ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಮೂಗಿನ ತುದಿಗೆ ಗ್ರೀಸು ಹತ್ತಿತ್ತಂತೆ. ಅವಳೇ ಒರೆಸಿದಳು. ದಾರಿಯಲ್ಲಿ ನಿಂತು ಒಂದೊಂದು ಚಹಾ ಕುಡಿದೆವು. ಲೋಟ ನೂರು ಮಿಲಿ ಇರಲಿಲ್ಲ, ಆದರೆ ನಾನು ಅಳೆಯಲಿಲ್ಲ, ಕ್ಯಾಲಿಪರ್ ಚೀಲದ ತಳದಲ್ಲಿತ್ತು.

ಮಾರ್ಚ್ 9, ಶನಿವಾರ

ಬಿ.ಪಿ. 142/88.

ಪರೀಕ್ಷೆ ಮುಗಿಯಿತು. ಒಟ್ಟು ಇಪ್ಪತ್ಮೂರು ತಪ್ಪು. ಹದಿನೇಳನೆಯದು ಡ್ಯಾಶಿನ ಅಡಿಯಲ್ಲಿ ಸಿಕ್ಕಿತು, ಅಂಗೈಯ ಅರ್ಧದಷ್ಟಿರುವ ಹಿತ್ತಾಳೆ ಬಿಲ್ಲೆ. ಯಾರೋ ಕೈಯಲ್ಲಿ ಒಂದೊಂದೇ ಅಕ್ಷರ ಬಡಿದು ಏನೋ ನಂಬರು, ತಿಂಗಳು, ವರ್ಷ ಮೂಡಿಸಿದ್ದಾರೆ. ಸಾಲು ಸೊಟ್ಟ. ಪುಸ್ತಕದಲ್ಲಿ ಇಂಥದೊಂದು ಬಿಲ್ಲೆಯೇ ಇಲ್ಲ. ಅನವಶ್ಯಕ ಜೋಡಣೆ ಅಂತ ಬರೆದೆ. ಪ್ರತಿ ತಪ್ಪಿಗೂ ಸಾಕ್ಷಿಗೆ ಇವಳ ಕೈಲಿ ಫೋಟೋ ತೆಗೆಸಿದ್ದೇನೆ.

ಕೊನೆಗೆ ಪಕ್ಕದ ಸೀಟಿನ ಸ್ಪ್ರಿಂಗು ಪರೀಕ್ಷಿಸಲು ಇಪ್ಪತ್ತು ನಿಮಿಷ ಕೂತಿದ್ದೆ. ಕೊಟ್ಟಿಗೆಯ ಬಾಗಿಲಿನಿಂದ ಬಿಸಿಲು ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಸ್ಪ್ರಿಂಗಿಗೆ ಅಷ್ಟು ಹೊತ್ತು ಬೇಕಾಗುತ್ತದೆ.

ಮಾರ್ಚ್ 10, ಭಾನುವಾರ

ವರದಿ ಎರಡು ಪ್ರತಿ ಬರೆದು ಮಿಲ್ಲಿಗೆ ಹೋದೆವು. ಭಾನುವಾರ, ಗರಗಸಕ್ಕೆ ರಜೆ, ಯಜಮಾನಮ್ಮ ಒಬ್ಬರೇ ಲೆಕ್ಕ ನೋಡುತ್ತಿದ್ದರು. ಒಂದನ್ನು ಯಜಮಾನಮ್ಮನಿಗೆ ಕೊಟ್ಟೆ. ಇನ್ನೊಂದನ್ನು ಇವಳಿಗೆ ಓದಿ ಹೇಳಿದೆ, ಇಪ್ಪತ್ಮೂರನ್ನೂ.

"ಬೇರೆ ಬೇರೆ ಗಾಡಿಗಳ ತುಂಡು ಸೇರಿಸಿ ಮಾಡಿದ್ದು. ಅಸಲಿ ಅಲ್ಲ" ಅಂದೆ.

ಇವಳು ಜಗಳವಾಡುತ್ತಾಳೆ ಅಂದುಕೊಂಡು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಇವಳು ಜೀಪಿನ ಕಡೆ ಒಮ್ಮೆ ನೋಡಿ, "ಸರಿ" ಅಂದು ಟಾರ್ಪಾಲು ಎಳೆದು ಮುಚ್ಚಿದಳು. ಮೂಲೆ ಮೂಲೆ ಸರಿಮಾಡಿ ಮುಚ್ಚಿದಳು.

ನಾನು ಹಳೇ ಅಭ್ಯಾಸದಂತೆ ಟಾರ್ಪಾಲಿನ ಒಂದು ಮೂಲೆ ಎತ್ತಿ ಸ್ಟೇರಿಂಗಿಗೆ ಕೆಂಪು ಚೀಟಿ ಕಟ್ಟಿದೆ. 'ಪರೀಕ್ಷಿಸಲಾಗಿದೆ. ತಿರಸ್ಕೃತ. ಬಿಚ್ಚಬಾರದು.' ತಂತಿ ಪೋಣಿಸಿ, ಮನೆಯಲ್ಲಿದ್ದ ಸಾದಾ ಸೀಸದ ಬಿಲ್ಲೆ ಒತ್ತಿದೆ. ಇಲಾಖೆಯ ಅಚ್ಚನ್ನು ನಿವೃತ್ತಿಯ ದಿನವೇ ಒಪ್ಪಿಸಿದ್ದೇನೆ. ಬಿಲ್ಲೆ ಒತ್ತುವ, ತಂತಿ ಕತ್ತರಿಸುವ ಇಕ್ಕಳ ಮಾತ್ರ ನನ್ನ ಸ್ವಂತದ್ದು.

"ಸಾಹೇಬ್ರೇ, ಗಾಡಿ ನಂದಲ್ವಾ?" ಅಂತ ಯಜಮಾನಮ್ಮ ನಕ್ಕರು.

"ಸೀಲು ಒತ್ತಿದವರೇ ಕತ್ತರಿಸ್ಬೇಕು, ಅದು ನಿಯಮ" ಅಂದೆ.

ಮಾರ್ಚ್ 12, ಮಂಗಳವಾರ

ಬಿ.ಪಿ. 168/100.

ಇವಳು ಮುಖ ಊದಿಸಿಕೊಂಡಿಲ್ಲ. ಕೊಟ್ಟ ಮಾತಿನಂತೆ ನಡೆದುಕೊಳ್ಳುತ್ತಿದ್ದಾಳೆ. ಅದೇ ಕಷ್ಟವಾಗಿದೆ.

ಮಾರ್ಚ್ 13, ಬುಧವಾರ

170/100. ಬೆಳಿಗ್ಗೆ ಇವಳು ಏಳೂವರೆಗೆ ಬಾಗಿಲ ಬಳಿ ನಿಂತು ಬೀದಿ ನೋಡುತ್ತಿದ್ದಳು. ಅದು ವ್ಯಾನ್ ಹೊರಡುತ್ತಿದ್ದ ಹೊತ್ತು. ಏನು ಅಂತ ಕೇಳಿದೆ. ಏನಿಲ್ಲ ಅಂದಳು.

ಮಾರ್ಚ್ 16, ಶನಿವಾರ

150/92.

ನಾನು ಕೈ ಕಟ್ಟಿ ಕೂರುವವನಲ್ಲ. ಒಂದು ತಿರಸ್ಕೃತವಾದರೆ ಇನ್ನೊಂದು ಹುಡುಕೋಣ ಅಂತ ಇವಳನ್ನು ಹಳೇ ಗಾಡಿಗಳ ಶೋರೂಮಿಗೆ ಕರೆದುಕೊಂಡು ಹೋದೆ. ಅಬ್ಬಬ್ಬಾ! ಅಮೃತಶಿಲೆಯ ನೆಲ, ಅದರ ಮೇಲೆ ಜೀಪು. ಚಾಸಿ ನಂಬರು ಹೊಂದಿತು. ಎಂಜಿನ್ ನಂಬರು ಹೊಂದಿತು. ಗೇರ್‌ಬಾಕ್ಸು, ಆಕ್ಸಲ್ಲು ಎಲ್ಲ ಒಂದೇ ವರ್ಷ. ಪಿನ್ನುಗಳ ಕಾಲು ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಒಂದೇ ಒಂದು ತಪ್ಪು ಸಿಗಲಿಲ್ಲ. ಕ್ಯಾಲಿಪರ್ ಹೊರಗೆ ತೆಗೆಯುವ ಅಗತ್ಯವೇ ಬೀಳಲಿಲ್ಲ.

"ಇಂಥ ಪೀಸು ಸಿಗಲ್ಲ ಸರ್, ನಿಮ್ಮಂಥ ತಿಳಿದವರಿಗೇ ಅಂತ ಇಟ್ಟಿದ್ದು" ಅಂದ ಶೋರೂಮಿನವನು. ಮಾತು ಬಲ್ಲವನು.

"ಹೇಗಿದೆ?" ಅಂತ ಇವಳನ್ನು ಕೇಳಿದೆ.

"ಚೆನ್ನಾಗಿದೆ. ಪಾತ್ರೆ ಅಂಗಡಿ ಥರ ಹೊಳೀತಿದೆ."

ಅವನು ಕೀಲಿ ಚಾಚಿದ. ಇವಳು ತೆಗೆದುಕೊಳ್ಳಲಿಲ್ಲ. ಕೈಚೀಲ ಹಿಡಿದಿದ್ದೇನೆ ಅಂದಳು. ಒಂದು ಕೈ ಖಾಲಿಯೇ ಇತ್ತು.

ಸೋಮವಾರ ಬಂದು ಮುಂಗಡ ಕೊಡುತ್ತೇವೆ ಅಂತ ಹೇಳಿ ಬಂದಿದ್ದೇನೆ. ನಾಳೆ ಮಾವನಿಗೆ ಎರಡೂ ಜೀಪಿನ ಫೋಟೋ ತೋರಿಸಬೇಕು. ಅಳಿಯ ಏನು ಅಂತ ಅವರಿಗೂ ಗೊತ್ತಾಗಲಿ.

ಮಾರ್ಚ್ 17, ಭಾನುವಾರ

ಏನು ಬರೆಯಲಿ, ಹೇಗೆ ಬರೆಯಲಿ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಾವನಿಗೆ ಎಂಬತ್ತೆಂಟು. ಇವಳ ತಮ್ಮನ ಮನೆಯಲ್ಲಿದ್ದಾರೆ. ಕಿವಿ ಮಂದ, ಕಣ್ಣು ಹದ್ದಿನದು. ಕಿಟಕಿಯ ಪಕ್ಕ ಕೂತು ಕೆಟ್ಟ ಗಡಿಯಾರವೊಂದನ್ನು ಬಿಚ್ಚುತ್ತಿದ್ದರು. ನಾನು ಶೋರೂಮಿನ ಜೀಪಿನ ಫೋಟೋಗಳನ್ನು ಮುಂದಿಟ್ಟು, ಎಲ್ಲ ನಂಬರು ಹೇಗೆ ಹೊಂದಿದವು ಅಂತ ಎದೆಯುಬ್ಬಿಸಿ ವಿವರಿಸಿದೆ.

"ಎಲ್ಲಾನೂ ಹೊಂದುತ್ತಾ?" ಅಂತ ಮಾವ ಕೇಳಿದರು.

"ಎಲ್ಲಾನೂ ಮಾವ! ಒಂದೂ ಬಿಡದೆ!"

ಮಾವ ನಗಲು ಶುರು ಮಾಡಿದರು. ಸಣ್ಣಗೆ ಶುರುವಾದ ನಗು ಹೆಗಲು ಕುಣಿಸಿ, ಕೆಮ್ಮಾಗಿ, ಕಣ್ಣಲ್ಲಿ ನೀರಾಗಿ, ಇವಳು ಓಡಿಹೋಗಿ ನೀರು ತಂದುಕೊಡುವವರೆಗೂ ನಿಲ್ಲಲಿಲ್ಲ.

"ಅಳಿಯಂದ್ರೇ, ಹಂಗಾದ್ರೆ ಅದು ವರ್ಕ್‌ಶಾಪಿನ ಮುಖಾನೇ ನೋಡಿಲ್ಲ. ನಮ್ಮಲ್ಲಿ ಏನ್ಮಾಡ್ತಿದ್ವಿ ಗೊತ್ತಾ? ಇಪ್ಪತ್ತು ಜೀಪು ಒಟ್ಟಿಗೆ ಬರೋವು, ಕೈಕಾಲು ಮುರ್ಕೊಂಡು. ಎಲ್ಲಾ ಬಿಚ್ಚಿ ಹಾಕ್ತಿದ್ವಿ. ಎಂಜಿನ್ನೆಲ್ಲ ಆ ಕಡೆ ಗುಡ್ಡೆ, ಗೇರ್‌ಬಾಕ್ಸೆಲ್ಲ ಈ ಕಡೆ ಗುಡ್ಡೆ, ಆಕ್ಸಲ್ಲು ಅಲ್ಲೊಂದು ಕಡೆ. ರಿಪೇರಿ ಆದ್ಮೇಲೆ ಯಾವ್ದು ಕೈಗೆ ಸಿಗುತ್ತೋ ಅದನ್ನ ಹಾಕಿ ಓಡಿಸೋದು. ಇದು ಯಾರಪ್ಪನ ಎಂಜಿನ್ನು ಅಂತ ಕೇಳ್ತಾ ಕೂತ್ರೆ ಯುದ್ಧ ಮುಗ್ದೇ ಹೋಗೋದು!"

ನಾನು ಶೋರೂಮಿನ ಫೋಟೋಗಳನ್ನು ಮೆಲ್ಲಗೆ ನನ್ನ ಕಡೆ ಎಳೆದುಕೊಂಡೆ.

"ದುಡಿದ ಗಾಡೀಲಿ ನಂಬರು ಹೊಂದಲ್ಲ ಅಳಿಯಂದ್ರೇ. ಅಷ್ಟು ಚೆನ್ನಾಗಿ ಹೊಂದಿದ್ರೆ ಯಾರೋ ಕೂತು ಹೊಂದಿಸಿರ್ತಾರೆ. ಬೋಲ್ಟು ಅಳತೆ ತೆಗೆದ್ರಾ? ನಮ್ಮ ಕಾಲದ್ದೆಲ್ಲ ಇಂಚಿನ ಲೆಕ್ಕ. ಮಿಲಿಮೀಟರಲ್ಲಿ ಕೂತ್ರೆ ನಿನ್ನೆ ಮೊನ್ನೆದು."

ಅಳತೆ! ಮೂವತ್ನಾಲ್ಕು ವರ್ಷ ಅಳತೆಯ ಅನ್ನ ತಿಂದವನು ನಾನು. ಹೊಂದಿದ ನಂಬರುಗಳ ಮೋಹದಲ್ಲಿ ಒಂದು ಬೋಲ್ಟನ್ನೂ ಅಳೆಯದೆ ಬಂದಿದ್ದೆ. ಭೂಮಿ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು.

ಮಿಲ್ಲಿನ ಜೀಪಿನ ಫೋಟೋಗಳನ್ನು ಇವಳು ತೋರಿಸಿದಳು. ಮಾವ ಒಂದೊಂದಾಗಿ ಸರಿಸುತ್ತಾ ಬಂದವರು ಹಿತ್ತಾಳೆ ಬಿಲ್ಲೆಯ ಹತ್ತಿರ ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದು ಎಲ್ಲಿ ಸಿಕ್ತು?"

"ಡ್ಯಾಶಿನ ಅಡಿ" ಅಂದೆ. "ತಪ್ಪು ಹದಿನೇಳು."

"ಇದು ನಮ್ಮ ವರ್ಕ್‌ಶಾಪಿನ ಬಿಲ್ಲೆ ಕಣಮ್ಮಾ" ಅಂದರು ಮಗಳಿಗೆ. ನನ್ನನ್ನು ಮರೆತೇಬಿಟ್ಟಿದ್ದರು. "ಪೂರ್ತಿ ಬಿಚ್ಚಿ ಕಟ್ಟಿದ ಗಾಡಿಗೆ ಮಾತ್ರ ಹೊಡೀತಿದ್ದಿದ್ದು. ಅಕ್ಷರ ಸೊಟ್ಟ ಇದೆಯಲ್ಲ, ನಮ್ಮ ಅಚ್ಚಿನ ಪೆಟ್ಟಿಗೇಲಿ ಒಂದು ಅಚ್ಚು ಸವೆದುಹೋಗಿತ್ತು. ಕೊಡಿಸ್ರಪ್ಪಾ ಅಂತ ಹನ್ನೊಂದು ವರ್ಷ ಕೇಳಿದ್ವಿ, ಕೊಡಿಸ್ಲೇ ಇಲ್ಲ!"

ಇವಳು ಫೋಟೋ ಹಿಡಿದು ಅಪ್ಪನ ಪಕ್ಕ ಕೂತೇ ಇದ್ದಳು. ದಾರಿಯಲ್ಲಿ ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಏನಾದರೂ ಹೇಳು ಅಂದೆ.

"ನಾನೇನು ಹೇಳೋದು? ನೀವು ಅಸಲಿ ಅಂದ್ರೆ ತಗೋತೀನಿ ಅಂದಿದ್ದೆ. ನೀವು ಇನ್ನೂ ಅಂದಿಲ್ಲ."

ಅಲ್ಲೇ ಅಂದುಬಿಡಬಹುದಿತ್ತು. ಬಸ್ಸಿನಲ್ಲಿ ಜನ ಇದ್ದರು. ಮಿಲ್ಲಿಗೆ ಫೋನು ಮಾಡಿದೆ, ಭಾನುವಾರ, ಯಾರೂ ಎತ್ತಲಿಲ್ಲ.

ಮಾರ್ಚ್ 18, ಸೋಮವಾರ

ಶೋರೂಮಿನ ಬಾಗಿಲು ತೆರೆಯುವ ಹೊತ್ತಿಗೆ ಕ್ಯಾಲಿಪರ್ ಹಿಡಿದು ನಿಂತಿದ್ದೆ. ಮೊದಲ ಬೋಲ್ಟು ಕರಾರುವಾಕ್ಕಾಗಿ ಹದಿಮೂರು ಮಿಲಿಮೀಟರು. ಎರಡನೆಯದೂ ಅಷ್ಟೇ. ಹತ್ತನೆಯದೂ ಅಷ್ಟೇ. ಶೋರೂಮಿನವನ ಮುಖದ ಕಳೆ ಇಳಿಯುತ್ತಾ ಹೋಯಿತು. "ಇದು ಯಾವ ಸೈನ್ಯದ್ದಪ್ಪಾ? ಹೋದ ವರ್ಷದ್ದಾ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಹೊರಟೆ. ಕೆಂಪು ಚೀಟಿ ಕಟ್ಟುವಷ್ಟೂ ವ್ಯವಧಾನವಿರಲಿಲ್ಲ. ಮನೆಗೆ ಬಂದು ಇವಳಿಗೆ "ನಡಿ, ಚಪ್ಪಲಿ ಮೆಟ್ಟು" ಅಂದೆ. ಎಲ್ಲಿಗೆ ಅಂತ ಅವಳು ಕೇಳಲಿಲ್ಲ.

ಮಿಲ್ಲಿಗೆ ಹೋದರೆ ಕೊಟ್ಟಿಗೆ ಖಾಲಿ!

ನೆಲ ಅಗೆದು ಹಾಕಿದ್ದರು. ಜೀಪು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ. ಇವಳು ಆ ಕಲೆಯನ್ನೇ ನೋಡುತ್ತಾ ನಿಂತಳು. ಮೂವತ್ನಾಲ್ಕು ವರ್ಷದಲ್ಲಿ ನಾನು ಎಷ್ಟು ಕೆಂಪು ಚೀಟಿ ಕಟ್ಟಿದ್ದೇನೋ, ಅದರ ಆಚೆ ಬದಿಯಲ್ಲಿ ನಿಂತು ನೋಡಿದ್ದು ಇದೇ ಮೊದಲು.

"ತಪ್ಪು ನಂದೇ" ಅಂದೆ. ಗರಗಸದ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು. "ಅದೇ ಅಸಲಿ! ನೀನು ಆರಿಸಿದ್ದೇ ಸರಿ! ಕೇಳಿಸ್ತಾ? ನೀನು ಆರಿಸಿದ್ದೇ ಸರಿ ಇತ್ತು!"

ಅಷ್ಟರಲ್ಲಿ ಗರಗಸ ನಿಂತಿತ್ತು. ಕೊನೆಯ ಮಾತು ಇಡೀ ಮಿಲ್ಲಿಗೆ ಕೇಳಿಸಿತು. ದಿಮ್ಮಿ ಹೊರುವವರೆಲ್ಲ ತಿರುಗಿ ನೋಡಿದರು.

ಯಜಮಾನಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದರು. "ಬಂದ್ರಾ ಸಾಹೇಬ್ರು! ನಿಮ್ಮನ್ನೇ ಬಯ್ಕೊಳ್ತಿದ್ದೆ. ನಿಮ್ಮ ಚೀಟಿ ದೆಸೆಯಿಂದ ನನ್ನ ಗಾಡಿ ಯಾರಿಗೂ ಬೇಡ್ವಾಗಿದೆ!"

ನಡೆದದ್ದು ಇಷ್ಟು. ಗುರುವಾರ ಹೋಟೆಲಿನವನೊಬ್ಬ ಬಂದಿದ್ದನಂತೆ. ಜೀಪನ್ನು ನಡುವಿಗೆ ಕತ್ತರಿಸಿ, ಮುಂದಿನ ಅರ್ಧವನ್ನು ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸುವ ಯೋಚನೆ ಅವನದು. ಮಾತೆಲ್ಲ ಮುಗಿದು ಟಾರ್ಪಾಲು ತೆಗೆದರೆ ಸ್ಟೇರಿಂಗಿನ ಮೇಲೆ ನನ್ನ ಕೆಂಪು ಚೀಟಿ, ತಂತಿ, ಸೀಸದ ಬಿಲ್ಲೆ.

"ಇದೇನಮ್ಮಾ, ಕೇಸಾ ಅಂದ. ನಂಗೇನ್ ಗೊತ್ತಪ್ಪಾ, ಯಾರೋ ಸಾಹೇಬ್ರು ಪರೀಕ್ಷೆ ಮಾಡಿ ಹಾಕಿದ್ದಾರೆ, ಬಿಚ್ಚಬಾರ್ದಂತೆ ಅಂದೆ. ಬಂದ ದಾರಿಗೆ ಸುಂಕ ಇಲ್ಲ ಅನ್ನೋ ಹಂಗೆ ಹೊರಟೇಹೋದ! ಶನಿವಾರ ಇನ್ನಿಬ್ರು ಬಂದ್ರು, ಅವ್ರೂ ಅಷ್ಟೇ."

"ಜೀಪು ಎಲ್ಲಿ ಅಮ್ಮಾ?" ಅಂತ ಇವಳು ಕೇಳಿದಳು.

"ಹಿಂದುಗಡೆ, ಸೌದೆ ರಾಶಿ ಪಕ್ಕ. ಆರು ಜನ ತಳ್ಳಿ ಇಟ್ಟಿದ್ದೀವಿ. ನೆಲ ಅಗೀಬೇಕಲ್ಲ."

ಇವಳು ಓಡಿದಳು. ಐವತ್ತೊಂಬತ್ತು ವಯಸ್ಸು, ಮರದ ಚಕ್ಕೆಗಳ ನಡುವೆ ಸೀರೆ ಎತ್ತಿಕಟ್ಟಿ ಓಡಿದಳು. ನಾನು ಹೋಗುವಷ್ಟರಲ್ಲಿ ಸೀಟಿನಲ್ಲಿ ಕೂತಿದ್ದಳು, ಸ್ಟೇರಿಂಗಿಗೆ ಹಣೆ ಒತ್ತಿ. ಅಳುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ ನಗುತ್ತಿದ್ದಳು. ಎರಡೂ ಇತ್ತು.

"ಕತ್ತರಿಸಿ ಇದನ್ನ" ಅಂತ ಚೀಟಿ ತೋರಿಸಿದಳು. "ಸೀಲು ಒತ್ತಿದವರೇ ಕತ್ತರಿಸ್ಬೇಕು."

ಇಕ್ಕಳ ಚೀಲದಲ್ಲೇ ಇತ್ತು. ಆತುರದಲ್ಲಿ ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ತಂತಿ ಟಿಕ್ ಅಂತ ತುಂಡಾಯಿತು. ಕೆಂಪು ಚೀಟಿ ವಾಪಸ್ ಪಡೆದ ಮೊದಲ ದಾಖಲೆ ಇದು. ಆ ಸದ್ದು ಇಷ್ಟು ಹಿತವಾಗಿರುತ್ತದೆ ಅಂತ ಇಲಾಖೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರ್ಚ್ 21, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಜೀಪು ಮನೆಗೆ ಬಂದಿದೆ. ಎರಡು ದೀಪದ ಗಾಜು ಒಂದೇ ಥರ ಮಾಡಿಸೋಣವಾ ಅಂದಳು. ಖಬರ್‌ದಾರ್, ಮುಟ್ಟಕೂಡದು ಅಂದೆ.

ಮಾರ್ಚ್ 24, ಭಾನುವಾರ

ಜೀಪಿನಲ್ಲೇ ಮಾವನ ಹತ್ತಿರ ಹೋದೆವು. ಇವಳು ಗೇರು ಹಾಕುವುದನ್ನು ನೋಡುತ್ತಾ ಕೂತಿದ್ದೆ. ನಾನು ಆಫೀಸಿಗೆ ಹೊರಡುವ ಮೊದಲೇ ಇವಳು ವ್ಯಾನ್ ತೆಗೆದುಕೊಂಡು ಹೋಗಿರುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಆ ವ್ಯಾನಿನಲ್ಲಿ ನಾನು ಕೂತಿರಲಿಲ್ಲ. ಇಷ್ಟು ಚೆನ್ನಾಗಿ ಓಡಿಸುತ್ತಾಳೆ ಅಂತ ಯಾರಾದರೂ ಹೇಳಬಾರದಿತ್ತೇ! ಹೇಳಿದೆ ಕೂಡ. "ರಸ್ತೆ ನೋಡ್ಬೇಕು, ಸುಮ್ನಿರಿ" ಅಂದಳು. ಕಿವಿ ಕೆಂಪಾಗಿತ್ತು.

ನನ್ನ ತಲೆಯೊಳಗೆ ಒಂದು ಆಸೆ ಕೂತಿತ್ತು. ಆ ಮೀಸೆ ಪಿನ್ನುಗಳು ಮಾವನದೇ ಕೈಕೆಲಸ ಆಗಿರಬೇಕು ಅಂತ. ಉದ್ದ ಹಿಡಿಯ ಕನ್ನಡಿ ಹಿಡಿದು, ಟಾರ್ಚು ಬಿಟ್ಟು, ಕುರ್ಚಿಯ ಮೇಲೆ ಕೂತ ಮಾವನಿಗೆ ಗಾಡಿಯ ಅಡಿ ತೋರಿಸಿದೆ.

ಮಾವ ನೋಡಿದರು. ಮುಖ ಗಂಟಿಕ್ಕಿತು.

"ಥೂ! ಇದು ಆ ಕುಳ್ಳನ ಕೆಲಸ!"

"ಯಾವ ಕುಳ್ಳ ಅಪ್ಪಾ?"

"ನನ್ನ ಪಕ್ಕದ ಬೆಂಚಿನವ್ನು. ಪಿನ್ನಿಗೆ ಹಿಂಗೆ ಮೀಸೆ ತಿರುಗಿಸ್ಬೇಡ ಕಣೋ, ಬಿಚ್ಚೋವಾಗ ಪ್ರಾಣ ಹೋಗುತ್ತೆ ಅಂತ ದಿನಾ ಬಡ್ಕೊಳ್ತಿದ್ದೆ. ಕೇಳಿದ್ರೆ ತಾನೆ! ಮೂರು ವರ್ಷ ಮಾತು ಬಿಟ್ಟಿದ್ದೆ ಅವನ ಜತೆ, ಈ ಪಿನ್ನಿಗೋಸ್ಕರ!"

ನನ್ನ ಮುಖ ಸಪ್ಪಗಾಗಿರಬೇಕು. "ಹಾಗಾದ್ರೆ ನೀವು ಕಟ್ಟಿದ ಗಾಡಿ ಅಲ್ಲ" ಅಂದೆ.

ಮಾವ ಮತ್ತೆ ಕನ್ನಡಿಯಲ್ಲಿ ಇಣುಕಿದರು. ಟಾರ್ಚು ಹತ್ತಿರ ಹಿಡಿಸಿ ಒಂದೊಂದೇ ಪಿನ್ನು ನೋಡಿದರು.

"ಅಷ್ಟು ವರ್ಷ ಆದ್ರೂ ಒಂದೂ ಸಡಿಲ ಆಗಿಲ್ಲ ನೋಡಿ, ಕಳ್ಳ ನನ್ಮಗಂದು" ಅಂದರು. "ಏನ್ ಕೈ ಇತ್ತು ಅವನ್ದು. ಹೇಳ್ಲಿಲ್ಲ ನಾನು. ಒಂದು ಸಲನೂ ಹೇಳ್ಲಿಲ್ಲ."

ಆಮೇಲೆ ತಲೆ ಎತ್ತಿ, "ಸುಮ್ನೆ ಯಾಕೆ ನಿಂತಿದ್ದೀರಾ? ಹತ್ತಿಸಿ ನನ್ನ!" ಅಂದರು. ನಾನು ಮತ್ತು ಇವಳ ತಮ್ಮ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ನಾನು ಹಿಂದೆ ಟೂಲ್ ಪೆಟ್ಟಿಗೆಯ ಮೇಲೆ ಕೂತೆ. ಮೂರು ಸುತ್ತು ಹೊಡೆದೆವು. ಪ್ರತಿ ತಿರುವಿನಲ್ಲೂ ಮಾವ ಮಗಳಿಗೆ "ಕ್ಲಚ್ಚು, ಕ್ಲಚ್ಚು!" ಅಂತ ಕೂಗುತ್ತಿದ್ದರು, ಇವಳು "ಗೊತ್ತಪ್ಪಾ!" ಅಂತ ತಿರುಗಿ ಕೂಗುತ್ತಿದ್ದಳು. ನಾನು ಯಾಕೆ ಹಾಡುತ್ತಿದ್ದೆನೋ ಗೊತ್ತಿಲ್ಲ. ಎಂಜಿನ್ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ ಅಂದುಕೊಂಡಿದ್ದೇನೆ.

ಮಾರ್ಚ್ 30, ಶನಿವಾರ

ಇವತ್ತು ಡಾಕ್ಟರಮ್ಮನ ಬಳಿ ಹೋಗುವ ದಿನವಾಗಿತ್ತು. ಬಿ.ಪಿ. ಬರೆದಿದ್ದೀರಾ ಅಂತ ಕೇಳುತ್ತಾರಲ್ಲ ಅಂತ ಬೆಳಿಗ್ಗೆ ಈ ಪುಸ್ತಕ ತಿರುವಿದೆ. ಹದಿನಾರರ ಆಚೆಗೆ ಒಂದೂ ಇಲ್ಲ! ಇಂಥ ಬೇಜವಾಬ್ದಾರಿ ನನ್ನಿಂದ ಯಾವತ್ತೂ ಆಗಿರಲಿಲ್ಲ. ಯಂತ್ರ ಹುಡುಕಿದರೆ ಸಿಗಲಿಲ್ಲ, ಕೊನೆಗೆ ಜೀಪಿನ ಟೂಲ್ ಪೆಟ್ಟಿಗೆಯಲ್ಲಿ ಗ್ರೀಸ್ ಗನ್ನಿನ ಪಕ್ಕ ಸಿಕ್ಕಿತು. ಅಲ್ಲಿಗೆ ಹೇಗೆ ಹೋಯಿತೋ.

ಹೊರಡಲು ಅಂಗಿ ತೆಗೆದುಕೊಂಡರೆ, ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದ್ದ ಅಂಗಿಯ ಗುಂಡಿತೂತಿಗೆ ಕೆಂಪು ಚೀಟಿ ತೂಗುತ್ತಿತ್ತು. ಮಿಲ್ಲಿನಲ್ಲಿ ಕತ್ತರಿಸಿದ್ದೇ ಚೀಟಿ, ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು ಅಂತ ಕಾಣುತ್ತದೆ. ಹೊಸ ತಂತಿ ಪೋಣಿಸಿ, ನನ್ನದೇ ಇಕ್ಕಳದಲ್ಲಿ ಸೀಸದ ಬಿಲ್ಲೆ ಒತ್ತಿದ್ದಾಳೆ. ಬಿಲ್ಲೆ ಸ್ವಲ್ಪ ಸೊಟ್ಟ. ನನ್ನ ಬರಹದ ಮೇಲೆ ಒಂದು ಗೆರೆ ಎಳೆದು, ಚೀಟಿಯ ಹಿಂದೆ ಅವಳ ದುಂಡನೆ ಅಕ್ಷರದಲ್ಲಿ ಬರೆದಿದ್ದಾಳೆ:

'ಪರೀಕ್ಷಿಸಲಾಗಿದೆ. ಮೊಣಕಾಲು, ಕಿವಿ, ಹಲ್ಲು ಒಂದಕ್ಕೊಂದು ಹೊಂದುವುದಿಲ್ಲ. ಬಾಯಿ ರಿಪೇರಿಯಲ್ಲಿದೆ. ಅಸಲಿ. ಉಳಿಸಿಕೊಳ್ಳಲಾಗಿದೆ. ಬಿಚ್ಚಬಾರದು.'

ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಹೊರಗೆ ಜೀಪು ಗುಡುಗುತ್ತಿತ್ತು, ಇವಳು ಎರಡು ಸಲ ಹಾರ್ನ್ ಹೊಡೆದಳು.

ಇಕ್ಕಳ ಮೇಜಿನ ಮೇಲೇ ಇತ್ತು. ಆದರೆ ಸೀಲು ಒತ್ತಿದವರೇ ಕತ್ತರಿಸಬೇಕು, ಅದು ನಿಯಮ. ಹಾಗೇ ಅಂಗಿ ತೊಟ್ಟುಕೊಂಡು ಹೋಗಿ ಇವಳ ಪಕ್ಕ ಕೂತೆ.